ಎಡಗಡೆಯ ಮುಳ್ಳು

ಕಂತು ಹನ್ನೊಂದು

"ಭೇಷ್! ಚಿತ್ರ ಅಂದ್ರೆ ಇದು ನೋಡು," ಎಂದ ಡಾಕ್ಟರ್ ಹಿಲ್ಮಿ.

ರಾವ್ಯಾ ಚಿತ್ರ ನೋಡುತ್ತಿರಲಿಲ್ಲ, ಅವನ ಮುಖ ನೋಡುತ್ತಿದ್ದಳು. ಹಿಲ್ಮಿಯ ಕೈಯಲ್ಲಿ ಭೂತಗನ್ನಡಿ, ಅದರ ಕೆಳಗೆ ಅವಳು ನಿನ್ನೆ ಮಸಿಯಲ್ಲಿ ಬರೆದು ಮುಗಿಸಿದ ದುಂಡುಹುಳು. ಸಮುದ್ರದ ಮರಳಿನಲ್ಲಿ ಬದುಕುವ, ಬರಿಗಣ್ಣಿಗೆ ಕಾಣದ ಹುಳು, ಹಾಳೆಯ ಮೇಲೆ ಮೊಳದುದ್ದ ಮಲಗಿತ್ತು.

ಭೂತಗನ್ನಡಿ ತಲೆಯಿಂದ ಕೆಳಗಿಳಿಯಿತು. ತಲೆಯ ಸುತ್ತಲಿನ ಬಿರುಗೂದಲುಗಳನ್ನು ಎಣಿಸಿದ: ಆರು, ಮತ್ತೆ ಆರು, ಆಮೇಲೆ ನಾಲ್ಕು. ಬಾಯೊಳಗಿನ ಮೂರು ಹಲ್ಲು ನೋಡಿದ. ತಲೆಯ ಪಕ್ಕದ ಸುರುಳಿ ಗುರುತು ನೋಡಿದ. ಚರ್ಮದ ಉಂಗುರಗಳ ಮೇಲೆ ಸುಮ್ಮನೆ ಕಣ್ಣಾಡಿಸಿದ. ಕೊನೆಗೆ ಬಾಲದ ಬುಡಕ್ಕೆ ಬಂದ. ಹೆಣ್ಣನ್ನು ಹಿಡಿದುಕೊಳ್ಳಲೆಂದು ಗಂಡುಹುಳುವಿಗೆ ಅಲ್ಲಿ ಒಂದು ಜೋಡಿ ಮುಳ್ಳಿರುತ್ತದೆ. ಹುಳುವಿನ ಕುಲಗೋತ್ರ ಹೇಳುವುದು ಆ ಮುಳ್ಳೇ. ಬೇರೆಲ್ಲ ಒಂದೇ ಥರ ಇದ್ದರೂ ಮುಳ್ಳು ಬೇರೆಯಾದರೆ ಹುಳುವೇ ಬೇರೆ.

ಭೂತಗನ್ನಡಿ ಅಲ್ಲಿ ನಿಲ್ಲಲಿಲ್ಲ, ಬಾಲದ ತುದಿ ದಾಟಿ ಮೇಜಿನ ಮೇಲೆ ಹೋಗಿ ಕೂತಿತು.

"ಮುಳ್ಳು ಸರಿ ಇದೆಯಾ ಡಾಕ್ಟ್ರೇ? ಇನ್ನೊಂದ್ಸಲ ನೋಡಿ."

"ನೋಡ್ದೆ ಕಣಮ್ಮ. ಎರಡೂ ಒಂದೇ ಸಮ, ಅವಳಿ ಮಕ್ಕಳ ಹಾಗಿವೆ. ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡ್ತಿದೀನಿ, ನನಗೆ ಹೇಳಿಕೊಡ್ತೀಯಾ?" ಹಿಲ್ಮಿ ಹಸಿರು ಪೆನ್ನು ತೆಗೆದು ಚಿತ್ರದ ಮೂಲೆಯಲ್ಲಿ ಒಪ್ಪಿಗೆಯ ರುಜು ಎಳೆದ. "ಪಾಪ, ತೂಖಿ ಸಾಹೇಬರ ಕೊನೇ ಹುಳ. ಲೇಖನ ನಾನೇ ಬರೆದು ಮುಗಿಸ್ತೀನಿ. ಅವರ ಹೆಸರೂ ಇರ್ಲಿ, ನನ್ನ ಹೆಸರು ಮೊದಲು ಇರ್ಲಿ."

"ಅವರ ಸೂತಕದ ನಲವತ್ತು ದಿನಾನಾದ್ರೂ ಕಳೀಲಿ."

"ಸತ್ತೋರಿಗೆ ಆತುರ ಇಲ್ಲ, ನಿಜ. ಬಡ್ತಿ ಸಮಿತಿಗೆ ಇದೆಯಲ್ಲ!" ಎಂದು ಅವನು ಮೀಸೆಯೊಳಗೇ ನಕ್ಕ.

ಇವನೇ ಇರಬೇಕು ಎಂದು ರಾವ್ಯಾ ಒಂಬತ್ತು ದಿನದಿಂದ ಆಸೆಪಟ್ಟಿದ್ದಳು. ಇವನು ಕೊಲೆಗಾರನಲ್ಲ, ಬರೀ ಕತ್ತೆ. ನಟನೆ ಅನ್ನೋಣ ಎಂದರೆ ನಟಿಸುವುದಕ್ಕೂ ಒಂದಿಷ್ಟು ಬುದ್ಧಿ ಬೇಕು.

ಚಿತ್ರ ತಪ್ಪಾಗಿತ್ತು. ಅವಳು ಬೇಕೆಂದೇ ತಪ್ಪು ಬರೆದಿದ್ದಳು.

ಹೊರಗೆ ಪಡಸಾಲೆಯಲ್ಲಿ ಮೇಜರ್ ಬದ್ರಾನ್ ಕಲ್ಲಂಗಡಿ ಬೀಜ ಕಡಿದು ಸಿಪ್ಪೆಯನ್ನು ಹೂಕುಂಡಕ್ಕೆ ಉಗುಳುತ್ತ ನಿಂತಿದ್ದ. ಮರ್ಸಾ ಗುರಾಬ್‌ನ ಪೊಲೀಸ್ ಅಂದರೆ ಅವನೇ. ಅವನ ಮೇಲೆ ದೇವರು, ದೇವರಿಗೂ ಅವನು ಸಲಾಮು ಹೊಡೆದದ್ದನ್ನು ಯಾರೂ ಕಂಡಿರಲಿಲ್ಲ.

"ಏನಂದ ನಿನ್ನ ಕತ್ತೆ?"

"ಸರಿ ಇದೆ ಅಂದ. ರುಜೂನೂ ಹಾಕ್ದ."

"ಹಾಗಾದ್ರೆ ಒಬ್ಬ ಪಾಸು." ಬದ್ರಾನ್ ಗಡಿಯಾರ ನೋಡಿದ. "ಹತ್ತೂ ಕಾಲು. ಹನ್ನೆರಡಕ್ಕೆ ಜೀಪು. ನಿಮ್ಮಪ್ಪನ ಕೆನಾ ಜೈಲಿನ ಪ್ರಯಾಣಕ್ಕೆ ಬಟ್ಟೆಬರೆ ಕಟ್ಟಿಟ್ಟಿದೀಯಾ?"

ಒಂಬತ್ತು ದಿನದ ಹಿಂದೆ, ಈ ಸಮುದ್ರ ಸಂಶೋಧನಾ ಠಾಣೆಯ ಮುಖ್ಯಸ್ಥ ಡಾಕ್ಟರ್ ಇಸ್ಮತ್ ತೂಖಿಯನ್ನು ಯಾರೋ ಕೆಸರು ಸೋಸುವ ಕೋಣೆಯಲ್ಲಿ ಒಂದು ಬಕೆಟ್ ಉಪ್ಪುನೀರಿಗೆ ತಲೆ ಅದ್ದಿ ಹಿಡಿದು ಕೊಂದಿದ್ದರು. ಆ ಬೆಳಿಗ್ಗೆ ಬೇಲಿಯೊಳಗೆ ಇದ್ದವರು ಮೂವರೇ: ಹಿಲ್ಮಿ, ಡಾಕ್ಟರ್ ಮುಶೀರಾ, ಮತ್ತು ಹುಳು ಹೆಕ್ಕುವ ಕೆಲಸದ ಶಾಝ್ಲಿ. ಎಂಟು ಗಂಟೆಗೆ ಹೆಣ ಕಂಡು ಕೂಗಿಕೊಂಡವನು ಶಾಝ್ಲಿ. ಅವನ ತೋಳು ಮೊಣಕೈವರೆಗೆ ಒದ್ದೆಯಾಗಿತ್ತು. ಹೆಣ ಎತ್ತಿದ್ದಕ್ಕೆ ಒದ್ದೆ ಎಂದ ಅವನು. ಹೆಣ ಮಾಡಿದ್ದಕ್ಕೆ ಒದ್ದೆ ಎಂದ ಬದ್ರಾನ್.

ಶಾಝ್ಲಿ ರಾವ್ಯಾಳ ಅಪ್ಪ.

ಅವನಿಗೆ ಕೊಲ್ಲಲು ಕಾರಣವೂ ಇತ್ತು, ಊರಿಗೆಲ್ಲ ಗೊತ್ತಿದ್ದ ಕಾರಣ. ಕಳೆದ ವರ್ಷ ತೂಖಿ ಒಂದು ಹೊಸ ಹುಳುವಿಗೆ ಶಾಝ್ಲಿಯ ಹೆಸರಿಟ್ಟ. ಮೂವತ್ತೆಂಟು ವರ್ಷ ದುಡಿದವನಿಗೆ ಇದಕ್ಕಿಂತ ದೊಡ್ಡ ಗೌರವ ಯಾವುದು ಎಂದು ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ತೂಖಿ ಚಹಾದ ಹೊತ್ತಿಗೆ ಎಲ್ಲರನ್ನೂ ಕೂರಿಸಿಕೊಂಡು ಅಚ್ಚಾದ ಲಕ್ಷಣಗಳನ್ನು ಓದಿ ಹೇಳಿದ: ತಲೆ ಕಿರಿದು. ಕಣ್ಣಿಲ್ಲ. ಹಲ್ಲಿಲ್ಲ. ಹಿಂಭಾಗ ದಪ್ಪ. ಊರ ಮೋರಿ ಸಮುದ್ರಕ್ಕೆ ಬೀಳುವ ಜಾಗದ ಕೆಸರಿನಲ್ಲಿ ಹೇರಳ. ನಗುವವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಒಮ್ಮೆ ಅಚ್ಚಾದ ಹೆಸರನ್ನು ಅಳಿಸುವ ಹಾಗಿಲ್ಲ, ಅದು ಈ ವಿದ್ಯೆಯ ಕಟ್ಟಳೆ. ಇಟ್ಟವನು ಸತ್ತರೂ ಹೆಸರು ಸಾಯುವುದಿಲ್ಲ. ಆ ಹುಳುವಿನ ಚಿತ್ರ ಬರೆದವಳು ರಾವ್ಯಾ. ಬರೆಯುವಾಗ ಅವಳಿಗೆ ಹೆಸರು ಹೇಳಿರಲಿಲ್ಲ.

"ಇನ್ನೊಬ್ಬಳು ಇದಾಳಲ್ಲ," ಎಂದಳು ರಾವ್ಯಾ.

"ಇದಾಳೆ, ಹೋಗು. ಆದ್ರೆ ನೆನಪಿರ್ಲಿ, ಉಪಾಯ ನಿಂದು. ಮೂವರಿಗೂ ತೋರಿಸ್ಬೇಕು, ನಿಮ್ಮಪ್ಪನಿಗೂ. ಆಮೇಲೆ ಪೊಲೀಸರು ಮೋಸ ಮಾಡಿದ್ರು ಅಂತ ಊರ ತುಂಬ ಎದೆ ಬಡ್ಕೊಬಾರ್ದು."

"ಧಾರಾಳವಾಗಿ ತೋರ್ಸಿ. ಅಪ್ಪ ಆ ಹುಳಾನ ನೋಡೇ ಇಲ್ಲ, ಏನು ತಿದ್ತಾನೆ?"

ಉಪಾಯ ಅವಳದೇ. ಸಾಯುವ ದಿನ ಬೆಳಿಗ್ಗೆ ತೂಖಿ ಸೂಕ್ಷ್ಮದರ್ಶಕದ ಕೋಣೆಯಲ್ಲಿ ಒಂದು ಗಂಡುಹುಳುವನ್ನು ಜೀವಂತವಾಗಿ ಒಂದು ಹನಿ ನೀರಿನಲ್ಲಿಟ್ಟು ಪೆನ್ಸಿಲ್ಲಿನಲ್ಲಿ ಅದರ ಆಕಾರ ತೆಗೆಯುತ್ತಿದ್ದ. ಯಾರನ್ನೂ ನಂಬದ ಮನುಷ್ಯ, ಮೂತ್ರಕ್ಕೆ ಎದ್ದರೂ ಬಾಗಿಲಿಗೆ ಬೀಗ ಜಡಿಯುತ್ತಿದ್ದ. ಅಂದೂ ಜಡಿದಿದ್ದ; ಬೀಗದ ಕೈ ಹೆಣದ ಜೇಬಿನಲ್ಲಿ ಸಿಕ್ಕಿತು. ಬದ್ರಾನ್ ಬಾಗಿಲು ತೆಗೆಸುವಷ್ಟರಲ್ಲಿ ದೀಪದ ಕಾವಿಗೆ ನೀರು ಆರಿ ಹುಳು ಸುರುಟಿ ಪುಡಿಯಾಗಿತ್ತು. ಉಳಿದದ್ದು ಪೆನ್ಸಿಲ್ ಚಿತ್ರ ಒಂದೇ. ಅದನ್ನು ಬದ್ರಾನ್ ಲಕೋಟೆಗೆ ಹಾಕಿಕೊಂಡ. ಇದೇನು ಎಂದು ಕೇಳಲು ರಾವ್ಯಾಳನ್ನೊಬ್ಬಳನ್ನು ಕರೆದು ತೋರಿಸಿ ಮೇಲೆ ಅರಗು ಒತ್ತಿದ.

ಆ ಚಿತ್ರದಲ್ಲಿ ಎಡಗಡೆಯ ಮುಳ್ಳು ಬಲಗಡೆಯದಕ್ಕಿಂತ ಒಂದೂವರೆ ಪಟ್ಟು ಉದ್ದ, ತುದಿ ಸೀಳು. ಅಂಥ ಹುಳುವನ್ನು ಅವಳು ಠಾಣೆಗೆ ಚಿತ್ರ ಬರೆದ ಇಷ್ಟು ವರ್ಷದಲ್ಲಿ ನೋಡಿರಲಿಲ್ಲ. ಅವಳು ಅದನ್ನು ಮಸಿಯಲ್ಲಿ ನಕಲು ಮಾಡುವಾಗ ಮುಳ್ಳುಗಳನ್ನು ಸಮ ಮಾಡಿಬಿಟ್ಟಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜನ ಬೇರೆ. ಹುಳುವಿನವರು ಹಾಗಲ್ಲ. ಅವರ ಮುಂದೆ ಅಪ್ಪ ಅಮ್ಮನನ್ನು ಬೈದರೂ ಸುಮ್ಮನಿದ್ದಾರು, ಒಂದು ಮುಳ್ಳು ತಪ್ಪು ಬರೆದರೆ ಸುಮ್ಮನಿರಲಾರರು. ಯಾರು ತಿದ್ದುತ್ತಾರೋ ಅವರು ಆ ಬೆಳಿಗ್ಗೆ ಆ ಕೋಣೆಯಲ್ಲಿದ್ದರು. ಮೂವರೂ ತಾವು ಅಂದು ತೂಖಿಯನ್ನು ಜೀವಂತ ನೋಡೇ ಇಲ್ಲ ಎಂದು ಹೇಳಿಕೆ ಕೊಟ್ಟಿದ್ದರು. ಸುಳ್ಳು ಹೇಳಿದವನೇ ಕೊಂದವನು.

ಡಾಕ್ಟರ್ ಮುಶೀರಾ ಬಾಗಿಲು ತೆರೆದೇ ಕೂತಿದ್ದಳು. ಮೂವತ್ತನಾಲ್ಕರ ಹೆಂಗಸು, ಮಾತು ಕತ್ತರಿ. ಅವಳು ಆರು ವರ್ಷ ಕೆಸರಿನಲ್ಲಿ ಮೊಣಕಾಲೂರಿ ಹುಡುಕಿದ ಮೂರು ಹುಳುಗಳನ್ನು ತೂಖಿ ತನ್ನ ಹೆಸರಿನಲ್ಲಿ ಅಚ್ಚು ಹಾಕಿಸಿಕೊಂಡಿದ್ದ. ಲೇಖನದ ಕೊನೆಯಲ್ಲಿ ಮರಳು ಹೊತ್ತು ತಂದಿದ್ದಕ್ಕೆ ಅವಳಿಗೆ ಕೃತಜ್ಞತೆ ಹೇಳಿದ್ದ.

"ಹುಳ ಇಲ್ದೆ ಬರೀ ಚಿತ್ರ ನೋಡಿ ನಾನೇನು ಮಾಡ್ಲಿ? ಅದು ಒಣಗಿ ಹೋಯ್ತಂತಲ್ಲ."

"ಸುಮ್ನೆ ಒಂದ್ಸಲ ನೋಡಿ ಡಾಕ್ಟ್ರೇ. ಹಿಲ್ಮಿಯವರು ಒಪ್ಪಿದಾರೆ."

"ಹಿಲ್ಮಿ ಒಪ್ಪಿದ್ರೆ ತಪ್ಪಿರ್ಲೇಬೇಕು." ಮುಶೀರಾ ಹಾಳೆಯನ್ನು ಎಳೆದುಕೊಂಡಳು. ಅವಳಿಗೆ ಭೂತಗನ್ನಡಿ ಬೇಕಿರಲಿಲ್ಲ. ಉಗುರು ತಲೆಯ ಮೇಲೆ, ಕತ್ತಿನ ಮೇಲೆ, ಹೊಟ್ಟೆಯ ಮೇಲೆ ಸರಸರ ಹರಿಯಿತು. ಬಾಲದ ಬುಡಕ್ಕೆ ಬಂದು ನಿಂತಿತು.

ರಾವ್ಯಾ ಮನಸ್ಸಿನಲ್ಲೇ ಎಣಿಸಿದಳು. ಒಂದು, ಎರಡು, ಮೂರು, ನಾಲ್ಕು. ಉಗುರು ಎಡಗಡೆಯ ಮುಳ್ಳಿನ ತುದಿಯಲ್ಲೇ ಇತ್ತು. ಆಮೇಲೆ ಅದು ಎದ್ದು ಹಾಳೆಯ ಖಾಲಿ ಮೂಲೆಗೆ ಹೋಗಿ ಟಕಟಕ ಬಡಿಯಿತು.

"ಅಳತೆಗೆರೆ ಎಲ್ಲಿ? ಎಷ್ಟು ಉದ್ದದ ಹುಳ ಅಂತ ಓದೋರಿಗೆ ಕನಸು ಬೀಳುತ್ತಾ?"

ನಿಜ. ರಾವ್ಯಾ ಅಳತೆಗೆರೆ ಹಾಕುವುದನ್ನು ಮರೆತಿದ್ದಳು. "ಬೇರೇನೂ ಇಲ್ವಾ? ಬಾಲದ ಹತ್ರ?"

ಮುಶೀರಾ ಕುರ್ಚಿಗೆ ಒರಗಿ ಅವಳನ್ನು ನೋಡಿದಳು. "ತಪ್ಪು ಹುಡುಕು ಅಂತ ಕೊಟ್ಟು ಹೀಗೆ ಬಾಯಿ ನೋಡ್ತಾ ನಿಲ್ಲಬಾರ್ದು ರಾವ್ಯಾ. ಬಲೆ ಹಾಕೋರು ಮೀನಿಗೆ ಕಾಣೋ ಹಾಗೆ ದಡದಲ್ಲಿ ಕೂರಲ್ಲ."

"ಯಾವ ಬಲೆ?"

"ಅದನ್ನ ನೀನೇ ಹೇಳ್ಬೇಕು. ನಿಮ್ಮಪ್ಪ ಒಳ್ಳೇ ಮನುಷ್ಯ, ನನಗೆ ಹುಳ ಎತ್ತೋದು ಕಲಿಸಿದೋನು. ಅವನಿಗೆ ಇದನ್ನ ತೋರಿಸ್ಬೇಡ." ಮುಶೀರಾ ಹಾಳೆಯನ್ನು ಇವಳತ್ತ ತಳ್ಳಿದಳು. "ನನ್ನ ಮಾತು ಕೇಳು. ತೋರಿಸ್ಬೇಡ."

ರಾವ್ಯಾ ಹೊರಗೆ ಓಡಿಬಂದಳು. "ಅವಳೇ ಮೇಜರ್! ಅವಳ ಬೆರಳು ಎಡಗಡೆ ಮುಳ್ಳಿನ ಮೇಲೆ ನಿಂತ್ಕೊಳ್ತು. ಗೊತ್ತಾಗಿ ಬಾಯಿ ಮುಚ್ಕೊಂಡ್ಲು."

"ತಿದ್ದಿದ್ಲಾ?"

"ಇಲ್ಲ, ಆದ್ರೆ..."

"ಬೆರಳು ನಿಂತ್ಕೊಂಡಿದ್ದಕ್ಕೆಲ್ಲ ಗಲ್ಲು ಹಾಕ್ತಾ ಹೋದ್ರೆ ಈ ಊರಲ್ಲಿ ದರ್ಜಿಗಳೇ ಉಳಿಯಲ್ಲ." ಬದ್ರಾನ್ ಕೈಯ ಸಿಪ್ಪೆ ಕೊಡವಿದ. "ಇಬ್ರೂ ಪಾಸು. ನಡಿ, ಅಪ್ಪನ ಹತ್ರ ಹೋಗೋಣ."

ಅಪ್ಪನಿಗೆ ತೋರಿಸಬೇಡ ಎಂದ ಮಾತನ್ನು ರಾವ್ಯಾ ಬೆದರಿಕೆ ಎಂದುಕೊಂಡಳು. ಅಪ್ಪ ತಿದ್ದಲಿಲ್ಲ ಎಂದಾದರೆ ಸಂಶಯ ಪೂರ್ತಿ ತನ್ನ ಮೇಲೆ ಬೀಳುತ್ತದೆಂಬ ಭಯ ಆ ಹೆಂಗಸಿಗೆ, ಅಲ್ಲದೆ ಮತ್ತೇನು? ಬೇಕೆಂದಿದ್ದರೆ ರಾವ್ಯಾ ಅಪ್ಪನಿಗೆ ಮುಂಚೆಯೇ ಒಂದು ಮಾತು ಮುಟ್ಟಿಸಬಹುದಿತ್ತು. ಬೆಳಿಗ್ಗೆ ಬೆಳಿಗ್ಗೆ ಬೇಯಿಸಿದ ಅವರೆಯ ಡಬ್ಬಿಯನ್ನು ಚೌಕಿಗೆ ಒಯ್ದು ಕೊಡುತ್ತಿದ್ದವಳು ರಾವ್ಯಾಳೇ. ಅವಳಿಗೆ ಅದರ ಅಗತ್ಯವೇ ಕಂಡಿರಲಿಲ್ಲ. ಅಪ್ಪ ಆ ಹುಳು ನೋಡಿಲ್ಲ ಎಂದಿದ್ದ. ಅಪ್ಪ ಅವಳಿಗೆ ಎಂದೂ ಸುಳ್ಳು ಹೇಳಿದವನಲ್ಲ.

ಪೊಲೀಸ್ ಚೌಕಿಯ ಹಿಂದಿನ ಕೋಣೆಯಲ್ಲಿ ಒಂದು ಮೇಜು, ಮೂರು ಕುರ್ಚಿ, ಮೂಲೆಯಲ್ಲಿ ಹೇಳಿಕೆ ಬರೆದುಕೊಳ್ಳುವ ಗುಮಾಸ್ತ. ಫಾಸ್ಫೇಟ್ ಲಾರಿಗಳ ಧೂಳು ಕಿಟಕಿಯ ಗಾಜಿಗೆ ಅಂಟಿ ಬೆಳಕು ಬೂದಿಯ ಬಣ್ಣಕ್ಕೆ ತಿರುಗಿತ್ತು.

ಶಾಝ್ಲಿಯನ್ನು ಕರೆತಂದರು. ಅರವತ್ತಮೂರರ ಸಣ್ಣ ಆಳು. ಒಂದು ಕಡ್ಡಿಯ ತುದಿಗೆ ತನ್ನದೇ ರೆಪ್ಪೆಗೂದಲು ಅಂಟಿಸಿ ಅದರಿಂದ ಹುಳುಗಳನ್ನು ಎತ್ತುವುದು ಅವನ ಪದ್ಧತಿ. ಮೂವತ್ತೆಂಟು ವರ್ಷ ಕಿತ್ತು ಕಿತ್ತು ರೆಪ್ಪೆ ಬೋಳಾಗಿತ್ತು. ಹಲ್ಲು ಉದುರಿದ್ದವು. ಕಣ್ಣು ಮಾತ್ರ ಗಿಡುಗನದು, ಸಂಶೋಧನಾ ಠಾಣೆಗೆ ಬಂದ ವಿದೇಶಿ ಪಂಡಿತರೂ ಅವನ ಕಣ್ಣಿಗೆ ಟೋಪಿ ತೆಗೆದಿದ್ದರು.

"ನಿನ್ನೆ ಅವರೆಗೆ ನಿಂಬೆಹುಳಿ ಹಿಂಡಿರ್ಲಿಲ್ಲ," ಎಂದ ಮಗಳನ್ನು ಕಂಡೊಡನೆ. "ಕೊಲೆಗಾರನಿಗೆ ಇಷ್ಟು ಸಾಕು ಅಂದ್ಕೊಂಡೆಯಾ?"

"ನಾಳೆ ಮನೇಲೇ ಹಿಂಡಿಕೊಡ್ತೀನಿ ಅಪ್ಪ."

"ಕೂತ್ಕೊ ಕಾಕಾ," ಎಂದ ಬದ್ರಾನ್, ಎಂದೂ ಇಲ್ಲದ ಮರ್ಯಾದೆಯಿಂದ. "ನಿನ್ನ ಮಗಳು ಒಂದು ಚಿತ್ರ ಬರೆದಿದಾಳೆ. ನನ್ನ ಕಣ್ಣಿಗೆ ಎಲ್ಲ ಹುಳಾನೂ ಶಾವಿಗೆ. ಚೆನ್ನಾಗಿದೆಯಾ ನೋಡಿ ಹೇಳು."

ರಾವ್ಯಾ ಹಾಳೆಯನ್ನು ಬಿಚ್ಚಿ ಹರಡಿದಳು. ಅವಳ ಮನಸ್ಸು ಆಗಲೇ ಮುಶೀರಾಳ ಕೋಣೆಗೆ ವಾಪಸ್ಸು ಹೋಗಿತ್ತು. ಅವಳ ಬಾಯಿ ಹೇಗೆ ಬಿಡಿಸುವುದು?

ಒಂಬತ್ತು ದಿನ ಹುಳು ಕಾಣದ ಮುದುಕ ಹಸಿದವನಂತೆ ಚಿತ್ರದ ಮೇಲೆ ಬಗ್ಗಿದ. "ಆಹಾ, ತಲೆ ನೋಡು ತಲೆ! ಈ ಬಿರುಗೂದಲು ಹೀಗೆ ಬರೆಯೋಕೆ ಕೈರೋದಲ್ಲಿ ಯಾರಿಗೆ ಬರುತ್ತೆ? ಮೇಜರ್ ಸಾಹೇಬ್ರೆ, ಈ ಕೈ ನಾನು ತಿದ್ದಿ ಬೆಳೆಸಿದ ಕೈ. ಹಲ್ಲು ಸರಿ. ಸುರುಳಿ ಸರಿ, ಎರಡೂವರೆ ಸುತ್ತು..." ಬೆರಳು ಕೆಳಗಿಳಿಯಿತು. "ಥೂ! ಇದೇನಿದು?"

ರಾವ್ಯಾಳಿಗೆ ಮೊದಲು ಅರ್ಥವೇ ಆಗಲಿಲ್ಲ.

"ಯಾರ ಹುಳದ ಮುಳ್ಳು ತಂದು ಇದಕ್ಕೆ ಚುಚ್ಚಿದೀಯ? ಎಡಗಡೆಯದು ಉದ್ದ ಅಲ್ವಾ? ಬಲದ್ದರ ಒಂದೂವರೆ ಪಟ್ಟು! ತುದಿ ಸೀಳು, ಹಾವಿನ ನಾಲಿಗೆ ಥರ. ಅದೇ ಅಲ್ವಾ ಈ ಹುಳದ ಹೆಚ್ಚುಗಾರಿಕೆ? ಅದನ್ನೇ ಬಿಟ್ರೆ ಉಳಿದಿದ್ದು ಬೀದಿ ಹುಳ." ಅವನು ಮೇಜಿನ ಮೇಲಿನ ಗುಮಾಸ್ತನ ಪೆನ್ಸಿಲ್ ತೆಗೆದುಕೊಂಡು ಎರಡೇ ಗೆರೆಯಲ್ಲಿ ಸರಿಯಾದ ಮುಳ್ಳು ಬರೆದೂಬಿಟ್ಟ. "ನೋಡು, ಹೀಗೆ."

ಗುಮಾಸ್ತ ಮೂಲೆಯಿಂದ ಕತ್ತು ಚಾಚಿ ನೋಡಿದ.

"ಏನೋ ತಿದ್ದಿದ ಹಾಗಿದೆ," ಎಂದ ಬದ್ರಾನ್ ಮೆಲ್ಲಗೆ. "ನನಗಂತೂ ಇದೆಲ್ಲ ಗೊತ್ತಾಗಲ್ಲ. ನೀನೇ ಹೇಳು ರಾವ್ಯಾ. ನಿಮ್ಮಪ್ಪ ಹೇಳಿದ್ದು ಸರಿಯೋ ತಪ್ಪೋ?"

ಲಕೋಟೆ ಅವನ ಅಂಗಿಯ ಜೇಬಿನಲ್ಲಿತ್ತು. ಅವನು ಅದನ್ನು ತೆಗೆಯಲಿಲ್ಲ. ಬೆಕ್ಕು ಇಲಿಯ ಬಾಲ ಬಿಟ್ಟು ನೋಡುವಂತೆ ಅವಳನ್ನು ನೋಡುತ್ತಿದ್ದ. ಒಂದು ಮಾತು ಸಾಕು, ಅಪ್ಪ ಪಾರು. ಆ ಒಂದು ಮಾತು ಸುಳ್ಳಾಗಿರಬೇಕು, ಅಷ್ಟೇ.

"ತಪ್ಪು," ಎಂದಳು ರಾವ್ಯಾ. "ಅಪ್ಪ ಹೇಳ್ತಿರೋದು ತಪ್ಪು. ನನ್ನ ಚಿತ್ರ ಸರಿ ಇದೆ. ಮುಳ್ಳು ಎರಡೂ ಸಮ. ಅಪ್ಪನಿಗೆ ವಯಸ್ಸಾಯ್ತು ಮೇಜರ್, ಕಣ್ಣು ಮಂಜು. ಬೇರೆ ಯಾವುದೋ ಹಳೇ ಹುಳ ನೆನಪಿಗೆ ಬಂದಿರ್ಬೇಕು."

ಶಾಝ್ಲಿ ಮಗಳನ್ನು ದಿಟ್ಟಿಸಿದ. ತೂಖಿ ಊರೆದುರು ಕಣ್ಣಿಲ್ಲ ಅಂದಾಗಲೂ ಅವನ ಮುಖ ಹೀಗೆ ಬಿಳಿಚಿರಲಿಲ್ಲ.

"ಏನಂದೆ?"

"ಅಪ್ಪ, ಸುಮ್ನಿರು."

"ನನ್ನ ಕಣ್ಣು ಮಂಜಾ? ನನ್ನ ಕಣ್ಣು? ನೀನು ಸೂಜಿಗೆ ದಾರ ಹಾಕೋಕೆ ಬರದಿದ್ದಾಗಿಂದ ನಾನು ಹುಳ ಎತ್ತುತಾ ಇದೀನಿ!"

"ಅಪ್ಪ, ನಿನ್ನ ಕಾಲಿಗೆ ಬೀಳ್ತೀನಿ, ಸುಮ್ನಿರು. ನೀನು ನೋಡಿಲ್ಲ ಆ ಹುಳಾನ. ನೀನೇ ಹೇಳಿದೀಯಲ್ಲ, ನೋಡಿಲ್ಲ ಅಂತ!"

ಆದರೆ ಮುದುಕನ ಕಿವಿ ಮುಚ್ಚಿತ್ತು. ಜೈಲು, ಜೀಪು, ಗಲ್ಲು ಯಾವುದೂ ಅವನ ತಲೆಯಲ್ಲಿರಲಿಲ್ಲ, ಇದ್ದದ್ದು ಒಂದು ಮುಳ್ಳಿನ ಉದ್ದ. ಸ್ವಂತ ಮಗಳು ಪರರೆದುರು ತನ್ನ ಕಣ್ಣನ್ನು ಹೀಗಳೆದಳು ಎಂಬ ಸಿಟ್ಟು ಅವನ ಬುದ್ಧಿಯನ್ನೆಲ್ಲ ತಿಂದು ತೇಗಿತ್ತು. ಮೇಜು ಗುದ್ದಿ ಎದ್ದು ನಿಂತ.

"ತೂಖಿ ನನ್ನ ಎದುರಿಗೇ ಪೆನ್ಸಿಲ್ ಹಿಡಿದು ಬರೀತಿದ್ದ, ಆ ಹಾಳೆ ಎಲ್ಲಿ? ತರಿಸಿ ಮೇಜರ್! ಎಡದ್ದು ಉದ್ದ ಇಲ್ದಿದ್ರೆ ನನ್ನ ಎರಡೂ ಕಣ್ಣು ಕಿತ್ತು ಈ ಮೇಜಿನ ಮೇಲಿಡ್ತೀನಿ!"

ಬದ್ರಾನ್ ಜೇಬಿನಿಂದ ಲಕೋಟೆ ತೆಗೆದ. ಅರಗನ್ನು ಹೆಬ್ಬೆರಳಿನಿಂದ ಒಡೆದ. ಪೆನ್ಸಿಲ್ ಚಿತ್ರವನ್ನು ಮಸಿಯ ಚಿತ್ರದ ಪಕ್ಕ ಇಟ್ಟ.

"ನೋಡಿ! ನೋಡಿ!" ಶಾಝ್ಲಿಯ ಬೆರಳು ಪೆನ್ಸಿಲ್ ಗೆರೆಯ ಮೇಲೆ ಕುಣಿಯಿತು. "ಉದ್ದ ಇದೆಯೋ ಇಲ್ವೋ? ಸೀಳಿದೆಯೋ ಇಲ್ವೋ?"

"ಇದೆ ಕಾಕಾ," ಎಂದ ಬದ್ರಾನ್. "ಶಾವಿಗೇಲೂ ಉದ್ದ ಗಿಡ್ಡ ನನಗೆ ಕಾಣುತ್ತೆ." ಗುಮಾಸ್ತನಿಗೆ ಕಣ್ಸನ್ನೆ ಮಾಡಿದ. ಗುಮಾಸ್ತ ಹೊಸ ಹಾಳೆ ತೆಗೆದ. "ಈಗ ಹೇಳು. ಇದನ್ನ ನೀನು ಯಾವಾಗ ನೋಡಿದ್ದು?"

ಶಾಝ್ಲಿಯ ಬೆರಳು ನಿಂತಿತು. ಅವನು ಒಂದು ಚಿತ್ರ ನೋಡಿದ, ಇನ್ನೊಂದು ಚಿತ್ರ ನೋಡಿದ, ಆಮೇಲೆ ಮಗಳನ್ನು ನೋಡಿದ. ನಿಧಾನವಾಗಿ ಕುರ್ಚಿಯಲ್ಲಿ ಕುಸಿದ.

"ಬೇಕಂತ ತಪ್ಪು ಬರೆದೆಯಾ ಮಗಳೇ?"

ರಾವ್ಯಾ ತಲೆ ಎತ್ತಲಿಲ್ಲ. ಕೊಲೆಗಾರನನ್ನು ಹಿಡಿಯಲೆಂದು ಅವಳು ತೋಡಿದ ಗುಂಡಿಯಲ್ಲಿ ಅವಳ ಅಪ್ಪ ಕೂತಿದ್ದ, ಅದೂ ಅವಳೇ ಬೆನ್ನಿಗೆ ಕೈಕೊಟ್ಟು ತಳ್ಳಿದ ಮೇಲೆ. ಅವಳಿಗೆ ತನ್ನ ಕೈಯನ್ನೇ ಕತ್ತರಿಸಿ ಎಸೆಯಬೇಕು ಅನ್ನಿಸಿತು.

"ಇವಳನ್ನ ಹೊರಗೆ ಕಳಿಸಿ, ಹೇಳ್ತೀನಿ," ಎಂದ ಶಾಝ್ಲಿ.

"ಇಲ್ಲೇ ಇರ್ತಾಳೆ. ಉಪಾಯ ಅವಳದು, ಫಲಾನೂ ಅವಳೇ ನೋಡ್ಲಿ."

ಮುದುಕ ಗೋಡೆಗೆ ಮುಖ ಮಾಡಿಕೊಂಡ. ಮಾತು ತುಂಡು ತುಂಡಾಗಿ ಬಂತು.

"ಆರು ಗಂಟೆಗೆ ಕರೆದ. ಶಾಝ್ಲಿ, ಬಾ, ನೋಡು ಅಂದ. ನಾನು ನೋಡ್ದೆ. ಸುಳ್ಳು ಯಾಕೆ, ಖುಷಿಯಾಯ್ತು. ಇಂಥದ್ದು ಮತ್ತೆ ಸಿಗಲ್ಲ ಅಂದೆ. ಆಗ ಅಂದ, ನಿನಗೆ ಮೋರಿ ಹುಳ ಕೊಟ್ಟಾಯ್ತು, ಇದನ್ನ ನಿನ್ನ ಮಗಳಿಗೆ ಕೊಡ್ತೀನಿ. ಇವತ್ತು ಗಂಡು ಸಿಕ್ತು, ನಾಳೆ ನೀನೇ ಹೋಗಿ ಹೆಣ್ಣು ಹೆಕ್ಕಿ ತಾ. ರಾವ್ಯಾ ಅಂತ ಹೆಸರಿಟ್ಟು, ರಾವ್ಯಾಳ ಮೈಯಲ್ಲಿ ಹೆಣ್ತನದ ತೂತು ತಲೆಯಿಂದ ಎಷ್ಟು ದೂರ ಇದೆ ಅಂತ ಅಳೆದು ಅಚ್ಚು ಹಾಕಿಸ್ತೀನಿ. ಚಿತ್ರಾನೂ ಅವಳ ಕೈಲೇ ಬರೆಸ್ತೀನಿ. ದೇಶದೇಶದಲ್ಲಿ ಕೂತು ಗಂಡಸರು ಓದ್ತಾರೆ, ಅಂದ."

ಗುಮಾಸ್ತನ ಪೆನ್ನು ನಿಂತಿತ್ತು. ರಾವ್ಯಾಳ ಕಿವಿ ಸುಟ್ಟುಹೋಗುತ್ತಿತ್ತು. ಎಲ್ಲ ಹೆಣ್ಣುಹುಳುವಿಗೂ ಆ ಅಳತೆ ಬರೆಯುತ್ತಾರೆ, ಅದು ಲಕ್ಷಣದ ಪಟ್ಟಿಯಲ್ಲಿ ಒಂದು ಸಾ‌ಲು. ಅವಳೇ ನೂರಾರು ಸಲ ಗುರುತು ಹಾಕಿದ್ದಳು. ಆ ಸಾಲಿನ ಮೇಲೆ ತನ್ನ ಹೆಸರು ಕೂತರೆ, ಅದನ್ನು ಯಾರೂ ಎಂದೂ ಅಳಿಸಲಾರರು.

"ನಾನು ಮಾತಾಡ್ಲಿಲ್ಲ. ಎದ್ದು ಸೋಸೋ ಕೋಣೆಗೆ ಬಂದೆ. ಅವನು ಬೀಗ ಹಾಕಿ ನನ್ನ ಹಿಂದೇನೇ ಬಂದ, ನಗ್ತಾ, ಹೇಗಿದೆ ಹೇಗಿದೆ ಅಂತ. ಹೊಡೆದೆ. ದವಡೆಗೆ ಹೊಡೆದೆ. ಬಿದ್ದ."

"ಬರ್ಕೋ," ಎಂದ ಬದ್ರಾನ್. ಗುಮಾಸ್ತ ಬರೆದುಕೊಂಡ.

"ಇದನ್ನ ಈ ಬಾಯಿಂದ ಹೇಳೋ ಬದಲು ಕೆನಾ ಜೈಲಲ್ಲಿ ಸಾಯೋಣ ಅಂದ್ಕೊಂಡಿದ್ದೆ. ಆದ್ರೆ ಸಾಹೇಬ್ರೆ, ಬಿದ್ದೋನು ಎದ್ದ. ತುಟಿ ಒಡೆದಿತ್ತು. ಕೆಲಸದಿಂದ ಕಿತ್ತು ಹಾಕ್ತೀನಿ ನಾಯಿ ಅಂತ ಬೈತಾ ನಿಂತಿದ್ದ. ನಾನು ಹೊರಗೆ ಹೋದೆ, ಕಟ್ಟೆ ಮೇಲೆ ಎಂಟರವರೆಗೆ ಕೂತಿದ್ದೆ. ಬಕೆಟ್‌ಗೆ ಅದ್ದಿದ್ದು ನಾನಲ್ಲ. ನಾನು ಹೋಗುವಾಗ ಬಕೆಟ್ ಬೋರಲಾಗಿ ಬಿದ್ದಿತ್ತು, ಉಪ್ಪುನೀರಿನ ನಲ್ಲಿ ಬಂದ್ ಆಗಿತ್ತು. ಎಂಟು ಗಂಟೆಗೆ ಬಂದಾಗ ಬಕೆಟ್ ತುಂಬಿತ್ತು, ನಲ್ಲಿ ಹರೀತಾನೇ ಇತ್ತು. ಯಾರೋ ಅದನ್ನ ಎತ್ತಿಟ್ಟು ನೀರು ತುಂಬಿಸಿದಾರೆ. ಬಕೆಟ್ ತುಂಬೋಕೆ ಎಷ್ಟು ಹೊತ್ತು ಬೇಕು ಗೊತ್ತಾ? ಅಷ್ಟು ಹೊತ್ತೂ ತೂಖಿ ಆ ಬಂದೋರ ಹತ್ರ ಮಾತಾಡ್ತಾ ನಿಂತಿದಾನೆ."

ರಾವ್ಯಾ ತಟ್ಟನೆ ತಲೆ ಎತ್ತಿದಳು. "ಬರ್ಕೊಳ್ಳಿ! ನಲ್ಲಿ ವಿಷಯ ಬರ್ಕೊಳ್ಳಿ!"

"ಎಲ್ಲೀವರೆಗೆ ಬರೆದೆ?" ಬದ್ರಾನ್ ಗುಮಾಸ್ತನನ್ನು ಕೇಳಿದ.

"ಹೊಡೆದೆ, ಬಿದ್ದ, ಅನ್ನೋವರೆಗೆ ಸಾಹೇಬ್ರೆ."

"ಅಲ್ಲಿಗೆ ನಿಲ್ಲಿಸು."

"ಮೇಜರ್! ಅಲ್ಲಿ ಇನ್ನೊಬ್ಬರಿದ್ರು! ಅಪ್ಪ ಹೋದ್ಮೇಲೆ ಯಾರೋ ಬಂದಿದಾರೆ!"

"ಯಾರು? ಹಿಲ್ಮೀನಾ? ಮುಶೀರಾನಾ?" ಬದ್ರಾನ್ ಎರಡೂ ಚಿತ್ರಗಳನ್ನು ಜೋಡಿಸಿ ಲಕೋಟೆಗೆ ಸೇರಿಸಿದ. "ಅವರು ಆ ಕೋಣೇಲಿ ಇರ್ಲಿಲ್ಲ ಅಂತ ನನಗೆ ತೋರಿಸಿಕೊಟ್ಟೋಳು ನೀನು. ಸುಳ್ಳು ಹೇಳಿದೋನೇ ಕೊಂದೋನು ಅಂತ ಪಾಠ ಹೇಳಿದೋಳೂ ನೀನು. ನಾನು ಒಳ್ಳೇ ವಿದ್ಯಾರ್ಥಿ ತಾಯಿ, ಮಾಡಿದ್ದುಣ್ಣು."

ಗುಮಾಸ್ತ ಹಾಳೆಯನ್ನು ಶಾಝ್ಲಿಯ ಕಡೆ ತಿರುಗಿಸಿ ಪೆನ್ನು ಕೊಟ್ಟ. ಹೊರಗೆ ಜೀಪು ಸದ್ದು ಮಾಡಿತು.

ಮುದುಕ ಪೆನ್ನು ಹಿಡಿದುಕೊಂಡು ಮಗಳತ್ತ ತಿರುಗಿದ. ಸಿಟ್ಟು ಇಳಿದುಹೋಗಿತ್ತು.

"ಇವರು ಬರ್ಕೊಳ್ದೆ ಇದ್ರೆ ಇರ್ಲಿ. ನೀನು ನಂಬ್ತೀಯಲ್ಲ? ಆ ನಲ್ಲಿ ನಾನು ತಿರುಗಿಸಿಲ್ಲ."

ಹುಳು ನೋಡೇ ಇಲ್ಲ ಎಂದೂ ಅವನು ಇದೇ ದನಿಯಲ್ಲಿ, ಇದೇ ಕಣ್ಣಿನಿಂದ ನೋಡುತ್ತ ಹೇಳಿದ್ದ. ಒಂಬತ್ತು ದಿನ ಅವಳು ಅದನ್ನು ನಂಬಿದ್ದಳು.

ರಾವ್ಯಾ ಬಾಯಿ ತೆರೆದಳು. ಹೂಂ ಎಂಬ ಮಾತು ಬರಲಿಲ್ಲ.

ಶಾಝ್ಲಿ ಒಂದು ಕ್ಷಣ ಕಾದ. ಆಮೇಲೆ ಬಗ್ಗಿ ಹಾಳೆಯ ಬುಡದಲ್ಲಿ ರುಜು ಹಾಕಿದ.